ಮನೇಲೇ ಸೀಸ್ಮೋಗ್ರಾಫ್ ಮಾಡೋದು: ಇಎಸ್‌ಪಿ32, ಒಂದು ಜಿಯೋಫೋನ್, ಮತ್ತೆ ಸರಿಯಾದ ಟೈಮು

"ಆರ್ಡುಯಿನೊ ಭೂಕಂಪ ಡಿಟೆಕ್ಟರ್" ಅಂತ ಯೂಟ್ಯೂಬಲ್ಲಿ ಹುಡುಕಿದ್ರೆ ಬರೋದ್ರಲ್ಲಿ ಮುಕ್ಕಾಲು ಪಾಲು ಒಂದೇ ಪ್ರಾಜೆಕ್ಟು, ಎಂಪಿಯು6050 ಅನ್ನೋ ಆಕ್ಸಿಲರೋಮೀಟರ್ ಬೋರ್ಡು, ಒಂದು ಬಜರ್ರು, ಟೇಬಲ್ ಅಲ್ಲಾಡಿಸಿದ್ರೆ ಕುಂಯ್ ಅನ್ನತ್ತೆ, ಮುಗೀತು. ಸ್ಕೂಲ್ ಎಕ್ಸಿಬಿಷನ್‌ಗೆ ಅದು ಸಾಕು, ಬೇಡ ಅನ್ನಲ್ಲ. ಆದ್ರೆ ನಿಜವಾದ ಭೂಕಂಪನ ಅದು ಹಿಡಿಯಲ್ಲ, ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಎಂಪಿಯು6050 ಡೇಟಾಶೀಟಲ್ಲಿ ಅದರ ನಾಯ್ಸ್, ಅಂದ್ರೆ ಸುಮ್ನಿದ್ದಾಗಲೂ ಬರೋ ಗಲಾಟೆ, ಹರ್ಟ್ಜ್‌ನ ವರ್ಗಮೂಲಕ್ಕೆ 400 ಮೈಕ್ರೋ-ಜಿ ಅಂತ ಕೊಟ್ಟಿದಾರೆ (ಜಿ ಅಂದ್ರೆ ಗುರುತ್ವದ ವೇಗೋತ್ಕರ್ಷ), ನಮಗೆ ಬೇಕಾಗಿರೋ 10 ಹರ್ಟ್ಜ್ ಅಗಲದ ಬ್ಯಾಂಡಿಗೆ ಅದು ಸುಮಾರು 1.3 ಮಿಲಿ-ಜಿ ಆಗತ್ತೆ. ಮನುಷ್ಯರಿಗೆ ನೆಲ ನಡುಗಿದ್ದು ಗೊತ್ತಾಗೋದೂ ಹೆಚ್ಚುಕಮ್ಮಿ ಒಂದೆರಡು ಮಿಲಿ-ಜಿ ಆಸುಪಾಸಲ್ಲೇ. ಅಂದ್ರೆ ಆ ಸೆನ್ಸರ್‌ಗೆ ಗೊತ್ತಾಗೋ ಹೊತ್ತಿಗೆ ನೀವೇ ಎದ್ದು ಹೊರಗೆ ಓಡಿರ್ತೀರ, ಮತ್ತೆ ಯಂತ್ರ ಯಾಕೆ?

ನಮಗೆ ಬೇಕಾಗಿರೋದು ಯಾರಿಗೂ ಗೊತ್ತಾಗದ ನಡುಕ. 2021ರಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಸದ್ದು, ನಡುಕ ಶುರುವಾಗಿ ಜನ ಮನೆ ಒಳಗೆ ಮಲಗೋಕೇ ಹೆದರಿದ್ರು, 2022ರ ಮಳೆಗಾಲದಲ್ಲಿ ಕೊಡಗಿನ ಚೆಂಬು, ಸಂಪಾಜೆ, ಸುಳ್ಯ ಕಡೆ ಹಾಗೇ ಆಯ್ತು, ವಿಜಯಪುರದಲ್ಲೂ ಆಯ್ತು. ಇವೆಲ್ಲ ಸಣ್ಣ ಸಣ್ಣ ಕಂಪನಗಳು, ಸ್ವಲ್ಪ ದೂರ ಹೋದ್ರೆ ಯಾರಿಗೂ ಗೊತ್ತಾಗಲ್ಲ, ಆದ್ರೆ ಒಂದು ಒಳ್ಳೆ ಸೆನ್ಸರ್ ನೆಲದ ಮೇಲೆ ಕೂತಿದ್ರೆ ಅದಕ್ಕೆ ಗೊತ್ತಾಗತ್ತೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಈ ಪ್ರಾಜೆಕ್ಟಲ್ಲಿ ಎಲ್ಲರೂ ತಲೆ ಕೆಡಿಸಿಕೊಳ್ಳೋದು ಯಾವ ಮೈಕ್ರೋಕಂಟ್ರೋಲರ್ (ಆರ್ಡುಯಿನೊ, ಇಎಸ್‌ಪಿ32 ತರದ ಪುಟ್ಟ ಕಂಪ್ಯೂಟರ್ ಬೋರ್ಡು) ತಗೊಳ್ಳೋದು ಅಂತ, ಆದ್ರೆ ಅದು ಇಲ್ಲಿ ಬರೀ ಶಾನುಭೋಗ, ಬಂದಿದ್ದನ್ನ ತಾರೀಕು-ಟೈಮು ಹಾಕಿ ಬರ್ಕೊಳ್ಳೋದಷ್ಟೇ ಅದರ ಕೆಲಸ. ಕಷ್ಟ ಇರೋದು ಅದರ ಮುಂದೆ: ಸೆನ್ಸರ್ರು, ಆಂಪ್ಲಿಫೈಯರ್ರು, ಅದನ್ನ ಎಲ್ಲಿ ಕೂರಿಸ್ತೀರ ಅನ್ನೋದು. ದುಡ್ಡು ಮತ್ತೆ ತಾಳ್ಮೆ ಎರಡನ್ನೂ ಅಲ್ಲಿಗೆ ಇಟ್ಕೊಳ್ಳಿ.

ಸೆನ್ಸರ್

ಜಿಯೋಫೋನ್ ಅಂದ್ರೆ ತೈಲ ಹುಡುಕೋ ಕಂಪನಿಗಳು ಸಾವಿರಗಟ್ಟಲೆ ನೆಲಕ್ಕೆ ಚುಚ್ಚಿ ಇಡೋ ಸಣ್ಣ ಡಬ್ಬಿ. ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ಸ್ಪ್ರಿಂಗಿಂದ ನೇತಾಡೋ ಕಾಯಿಲ್. ನೆಲ ಅಲ್ಲಾಡಿದ್ರೆ ಡಬ್ಬಿ ಮತ್ತೆ ಅಯಸ್ಕಾಂತ ಅಲ್ಲಾಡತ್ತೆ, ಕಾಯಿಲ್ ಇದ್ದಲ್ಲೇ ಇರೋಕೆ ನೋಡತ್ತೆ, ಎರಡರ ಮಧ್ಯೆ ಎಷ್ಟು ವೇಗದ ವ್ಯತ್ಯಾಸ ಇದೆಯೋ ಅಷ್ಟು ವೋಲ್ಟೇಜ್ ಬರತ್ತೆ. ಬ್ಯಾಟರಿ ಬೇಡ, ಏನೂ ಬೇಡ.

ಹವ್ಯಾಸಿಗಳಿಗೆ ಸುಲಭವಾಗಿ ಸಿಗೋದು ಎಸ್‌ಎಂ-24 ಅನ್ನೋ ಮಾಡೆಲ್. ಅದರ ಸಹಜ ಫ್ರೀಕ್ವೆನ್ಸಿ 10 ಹರ್ಟ್ಜ್, ಕಾಯಿಲ್ 375 ಓಮ್, ಸೆನ್ಸಿಟಿವಿಟಿ ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ 28.8 ವೋಲ್ಟ್. ಅದರ ಬದಲು 4.5 ಹರ್ಟ್ಜ್‌ದು ಸಿಕ್ಕಿದ್ರೆ ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಅದನ್ನೇ ತಗೊಳ್ಳಿ. ಕಾರಣ ಏನಂದ್ರೆ ಸಹಜ ಫ್ರೀಕ್ವೆನ್ಸಿಗಿಂತ ಕೆಳಗೆ ಜಿಯೋಫೋನ್ ಬೇಗ ಕಿವುಡಾಗತ್ತೆ, ಫ್ರೀಕ್ವೆನ್ಸಿ ಅರ್ಧ ಆದ್ರೆ ಸಿಗ್ನಲ್ ಕಾಲು ಭಾಗ ಆಗತ್ತೆ. 1 ಹರ್ಟ್ಜ್ ಅಲೆ ಬಂತು ಅಂದ್ಕೊಳ್ಳಿ, 10 ಹರ್ಟ್ಜ್ ಜಿಯೋಫೋನಲ್ಲಿ ಅದು ನೂರರಲ್ಲೊಂದು ಪಾಲು ಕಾಣತ್ತೆ, 4.5 ಹರ್ಟ್ಜ್‌ದರಲ್ಲಿ ಇಪ್ಪತ್ತರಲ್ಲೊಂದು ಪಾಲು. ನೂರಿನ್ನೂರು ಕಿಲೋಮೀಟರ್ ಒಳಗಿನ ಸಣ್ಣ ಕಂಪನಗಳ ಶಕ್ತಿ ಒಂದರಿಂದ ಹತ್ತು ಹರ್ಟ್ಜ್ ಮಧ್ಯೆನೇ ಜಾಸ್ತಿ ಇರೋದು, ಅದಕ್ಕೆ ಈ ವ್ಯತ್ಯಾಸ ದೊಡ್ಡದು. ಕೊಳ್ಳುವಾಗ ಲಂಬದ್ದಾ ಅಡ್ಡದ್ದಾ ಅಂತ ಕೇಳ್ಕೊಳ್ಳಿ, ಮೊದಲನೇದು ಲಂಬದ್ದೇ ಇರ್ಲಿ, ಭೂಕಂಪದಲ್ಲಿ ಎಲ್ಲಕ್ಕಿಂತ ಮೊದಲು ಬರೋ ಪಿ ಅಲೆ ಅದರಲ್ಲೇ ಚೆನ್ನಾಗಿ ಬರೋದು.

ಬರೀ ಜಿಯೋಫೋನ್ ತಂದು ಕನೆಕ್ಟ್ ಮಾಡಿದ್ರೆ ಒಂದು ಸಲ ತಟ್ಟಿದ್ದಕ್ಕೆ ಅದು ತನ್ನ ಪಾಡಿಗೆ ತಾನು ಸುಮಾರು ಹೊತ್ತು ಕುಣೀತಾ ಇರತ್ತೆ, ನೆಲ ಎಷ್ಟು ಅಲ್ಲಾಡ್ತು, ಸ್ಪ್ರಿಂಗ್ ಎಷ್ಟು ಅಲ್ಲಾಡ್ತು ಬೇರೆ ಮಾಡೋಕಾಗಲ್ಲ. ಇದಕ್ಕೆ ಡ್ಯಾಂಪಿಂಗ್, ಅಂದ್ರೆ ಆ ಕುಣಿತಕ್ಕೆ ತಡೆ ಬೇಕು, ಜಿಯೋಫೋನಲ್ಲಿ ಅದು ತುಂಬಾ ಸುಲಭ, ಎರಡು ಪಿನ್ ಮಧ್ಯೆ ಒಂದು ರೆಸಿಸ್ಟರ್ ಹಾಕಿದ್ರೆ ಮುಗೀತು. ಎಸ್‌ಎಂ-24ಗೆ 1 ಕಿಲೋ-ಓಮ್ ಹಾಕಿದ್ರೆ ಡ್ಯಾಂಪಿಂಗ್ 0.25ರಿಂದ ಸುಮಾರು 0.7ಕ್ಕೆ ಬರತ್ತೆ, ಬೇಕಾಗಿರೋದೇ ಅದು. ಬೆಲೆ ಏನಪ್ಪಾ ಅಂದ್ರೆ 375 ಮತ್ತೆ 1000 ಓಮ್ ಸೇರಿ ವೋಲ್ಟೇಜ್ ಹಂಚಿಕೊಳ್ತವೆ, ಸೆನ್ಸಿಟಿವಿಟಿ 28.8ರಿಂದ 20.9ಕ್ಕೆ ಇಳಿಯತ್ತೆ, ಮುಂದಿನ ಲೆಕ್ಕಕ್ಕೆಲ್ಲ 20.9 ಹಿಡೀರಿ. ಬೇರೆ ಮಾಡೆಲ್ ಆದ್ರೆ ಅದರ ಡೇಟಾಶೀಟ್ ನೋಡಿ ರೆಸಿಸ್ಟರ್ ಆರಿಸ್ಕೊಳ್ಳಿ, ಇದೇ 1 ಕೆ ಎಲ್ಲಕ್ಕೂ ಆಗಲ್ಲ.

ಸೆನ್ಸರ್ ಕೊಳ್ಳಲ್ಲ, ಅದನ್ನೂ ನಾನೇ ಮಾಡ್ತೀನಿ ಅನ್ನೋರಿಗೆ ಸ್ಲಿಂಕಿ (ಮಕ್ಕಳು ಮೆಟ್ಟಿಲಿಳಿಸಿ ಆಡೋ ಸ್ಪ್ರಿಂಗ್) ದಾರಿ ಇದೆ. ಅಮೆರಿಕದ ಸ್ಕೂಲುಗಳಲ್ಲಿ ಟಿಸಿ1 ಅನ್ನೋ ಡಿಸೈನ್ ಚೆನ್ನಾಗಿ ಓಡಿದೆ, ಸ್ಟೀಲ್ ಸ್ಲಿಂಕಿ ಸ್ಪ್ರಿಂಗ್ ಒಂದು ಪಾರದರ್ಶಕ ಪೈಪಲ್ಲಿ ನೇತಾಡ್ತಿರತ್ತೆ, ಅದರ ತುದಿಗೆ ಅಯಸ್ಕಾಂತ, ಕೆಳಗೆ ಕಾಯಿಲ್, ಅದರ ಕೆಳಗೆ ಇನ್ನೊಂದು ಅಯಸ್ಕಾಂತ ತಾಮ್ರದ ಪೈಪಿನ ಒಳಗೆ ಇಳಿದಿರತ್ತೆ, ತಾಮ್ರದಲ್ಲಿ ಹುಟ್ಟೋ ಸುಳಿ ಕರೆಂಟೇ ಡ್ಯಾಂಪಿಂಗ್ ಕೊಡತ್ತೆ. ಕಾಯಿಲ್‌ಗೆ ಮೋಟರ್ ರೀವೈಂಡಿಂಗ್ ಅಂಗಡೀಲಿ ಸಿಗೋ ತೆಳು ಎನಾಮಲ್ ತಂತಿ ಸಾಕು, ಸಾವಿರಾರು ಸುತ್ತು ಸುತ್ತಬೇಕು, ಕೈ ನೋಯತ್ತೆ, ಡ್ರಿಲ್ ಮೆಷಿನ್‌ಗೆ ಸಿಕ್ಕಿಸ್ಕೊಂಡು ನಿಧಾನಕ್ಕೆ ಸುತ್ತಿ. ಜಾತ್ರೇಲಿ ಮಾರೋ ಬಣ್ಣದ ಪ್ಲಾಸ್ಟಿಕ್ ಸ್ಪ್ರಿಂಗ್ ಬೇಡ, ಭಾರ ಬಿಟ್ರೆ ದಿನಾ ಒಂಚೂರು ಇಳೀತಾನೇ ಹೋಗತ್ತೆ. ಸ್ಪ್ರಿಂಗ್ ಭಾರಕ್ಕೆ ಎಷ್ಟು ಹಿಗ್ಗಿದೆ ಅನ್ನೋದರ ಮೇಲೆ ಅದರ ತೂಗಾಟದ ಅವಧಿ ನಿಂತಿದೆ: 25 ಸೆಂಟಿಮೀಟರ್ ಹಿಗ್ಗಿದ್ರೆ 1 ಸೆಕೆಂಡು, 2 ಸೆಕೆಂಡು ಬೇಕು ಅಂದ್ರೆ ಪೂರ್ತಿ ಒಂದು ಮೀಟರ್ ಹಿಗ್ಗಬೇಕು. 20 ಸೆಕೆಂಡ್ ಅವಧಿಯ ಅಲೆ ಹಿಡಿಯೋ ಸೀಸ್ಮೋಗ್ರಾಫ್ ಹೀಗೆ ನೇತುಹಾಕಿ ಮಾಡೋಕೆ ನೂರು ಮೀಟರ್ ಬೇಕಾಗತ್ತೆ! ಅದಕ್ಕೇ ದೂರದ ದೊಡ್ಡ ಭೂಕಂಪಗಳ ಮೇಲ್ಮೈ ಅಲೆ ಬೇಕು ಅನ್ನೋರು ಸ್ಪ್ರಿಂಗ್ ಬಿಟ್ಟು, ಸ್ವಲ್ಪ ಓರೆಯಾದ ಗೇಟ್ ಹಾಗೆ ಅಡ್ಡಡ್ಡ ತೂಗೋ ಲೋಲಕ ಕಟ್ತಾರೆ. ಅದೊಂದು ಬೇರೆ ಕಥೆ, ಮೊದಲ ಸಲ ಮಾಡೋರಿಗೆ ನಾನು ಜಿಯೋಫೋನನ್ನೇ ಹೇಳೋದು.

ಆಂಪ್ಲಿಫೈಯರ್ ಮತ್ತೆ ಎಡಿಸಿ, ಎಲ್ಲರೂ ಎಡವೋದು ಇಲ್ಲೇ

ನೆಲ ಸೆಕೆಂಡಿಗೆ ಒಂದು ಮೈಕ್ರೋಮೀಟರ್ ವೇಗದಲ್ಲಿ ಅಲ್ಲಾಡಿದ್ರೆ ನಿಮಗೆ ಸಿಗೋದು 20.9 ಮೈಕ್ರೋವೋಲ್ಟ್. ಆರ್ಡುಯಿನೊ ಉನೊ ಆರ್3ದಲ್ಲಿರೋ ಎಡಿಸಿ (ವೋಲ್ಟೇಜನ್ನ ಅಂಕಿ ಮಾಡೋ ಭಾಗ) 10 ಬಿಟ್‌ದು, 5 ವೋಲ್ಟನ್ನ 1024 ಮೆಟ್ಟಿಲು ಮಾಡತ್ತೆ, ಒಂದೊಂದು ಮೆಟ್ಟಿಲೂ 4.9 ಮಿಲಿವೋಲ್ಟ್, ಅಂದ್ರೆ ನಮ್ಮ ಸಿಗ್ನಲ್‌ಗಿಂತ ಇನ್ನೂರು ಪಟ್ಟು ಮೇಲೆ. ಇಎಸ್‌ಪಿ32 ಎಡಿಸಿ 12 ಬಿಟ್ ಅಂತಾರೆ ಆದ್ರೆ ಅದು ನೇರ ಗೆರೇಲೂ ಇಲ್ಲ, ಗಲಾಟೇನೂ ಜಾಸ್ತಿ, ಎರಡನ್ನೂ ಮರೆತುಬಿಡಿ. ಎಡಿಎಸ್1115 ಅನ್ನೋ 16 ಬಿಟ್ ಎಡಿಸಿ ಬೋರ್ಡ್ ಎಲ್ಲಾ ಕಡೆ ಸಿಗತ್ತೆ, ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡಲ್ಲೇ ಸಿಗತ್ತೆ, ಅದನ್ನ ತಗೊಳ್ಳಿ. 24 ಬಿಟ್‌ದು ಬೇಕೇ ಬೇಕು ಅನ್ನೋರಿಗೆ ಎಡಿಎಸ್1256 ಇದೆ, ಆದ್ರೆ ಮನೆ ಸರ್ಕ್ಯೂಟಲ್ಲಿ ಆ ಕೆಳಗಿನ ಬಿಟ್‌ಗಳಲ್ಲಿ ಬರೀ ನಾಯ್ಸ್ ಇರತ್ತೆ ಅನ್ನೋದು ನನ್ನ ಅಭಿಪ್ರಾಯ. ತೂಕದ ಯಂತ್ರಕ್ಕೆ ಬಳಸೋ ಎಚ್‌ಎಕ್ಸ್711 ಅಗ್ಗ ಅಂತ ಕೆಲವರು ಹಾಕ್ತಾರೆ, ಅದು ಸೆಕೆಂಡಿಗೆ 10 ಇಲ್ಲಾ 80 ಸ್ಯಾಂಪಲ್ (ಅಳತೆ) ಅಷ್ಟೇ ಕೊಡೋದು, ಟೈಮಿಂಗ್ ನಮ್ಮ ಕೈಲಿರಲ್ಲ.

ಎಡಿಎಸ್1115ದೊಂದು ಕಂಡೀಷನ್ ಇದೆ, ಅದರ ಇನ್‌ಪುಟ್ ಗ್ರೌಂಡ್‌ಗಿಂತ ಕೆಳಗೆ ಹೋಗಬಾರದು. ಜಿಯೋಫೋನ್ ಸಿಗ್ನಲ್ ಅಂತೂ ಪ್ಲಸ್-ಮೈನಸ್ ಎರಡೂ ಕಡೆ ಹೋಗತ್ತೆ. ಅದಕ್ಕೆ 3.3 ವೋಲ್ಟಿನ ನಟ್ಟನಡುವೆ, 1.65 ವೋಲ್ಟಲ್ಲಿ ಒಂದು ಸುಳ್ಳು ಸೊನ್ನೆ ಮಾಡ್ಕೋಬೇಕು. ಎರಡು 10 ಕೆ ರೆಸಿಸ್ಟರ್ 3.3 ಮತ್ತೆ ಗ್ರೌಂಡ್ ಮಧ್ಯೆ, ನಡುವಿನ ಜಾಗಕ್ಕೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಆಮೇಲೆ ಎಂಸಿಪಿ6002 ತರದ ಒಂದು ಆಪ್-ಆಂಪ್ ಬಫರ್. ಬಫರ್ ಯಾಕೆ, ನೇರ ಕೊಟ್ರಾಗಲ್ವಾ ಅಂದ್ರೆ ಮುಂದೆ ಬರೋ ಆಂಪ್ಲಿಫೈಯರ್‌ನ ರೆಫರೆನ್ಸ್ ಪಿನ್‌ಗೆ ರೆಸಿಸ್ಟರ್ ಮೂಲಕ ಕೊಟ್ರೆ ಅದರ ಬ್ಯಾಲೆನ್ಸ್ ಕೆಡತ್ತೆ.

ಆಂಪ್ಲಿಫೈಯರ್‌ಗೆ ನಾನು ಹೇಳೋದು ಐಎನ್‌ಎ333, 3.3 ವೋಲ್ಟಲ್ಲಿ ಆರಾಮಾಗಿ ಓಡತ್ತೆ, ಸಣ್ಣ ಬೋರ್ಡ್ ಮೇಲೆ ಕೂರಿಸಿದ್ದು ಸಿಗತ್ತೆ. ಅದರ ಗೇನ್, ಅಂದ್ರೆ ಸಿಗ್ನಲ್‌ನ ಎಷ್ಟು ಪಟ್ಟು ಮಾಡತ್ತೆ ಅನ್ನೋದು, ಒಂದೇ ರೆಸಿಸ್ಟರಿಂದ ಸೆಟ್ ಆಗೋದು, 100 ಕೆ ಭಾಗಿಸು ಆ ರೆಸಿಸ್ಟರ್, ಅದಕ್ಕೆ ಒಂದು ಕೂಡಿಸಿ, ಅಂದ್ರೆ 1 ಕೆ ಹಾಕಿದ್ರೆ ಗೇನ್ 101. ರೆಡಿ ಬೋರ್ಡಲ್ಲಿ ಬೇರೆ ಬೆಲೆಯ ರೆಸಿಸ್ಟರ್ ಕೂರಿಸಿರಬಹುದು, ನೋಡ್ಕೊಂಡು ಬದಲಾಯಿಸಿ. ಜಿಯೋಫೋನಿನ ಒಂದು ಕಾಲು ಅದರ ಪ್ಲಸ್ ಇನ್‌ಪುಟ್‌ಗೆ, ಇನ್ನೊಂದು ಕಾಲು ಮೈನಸ್ ಇನ್‌ಪುಟ್‌ಗೆ, ಆ ಮೈನಸ್ ಕಾಲನ್ನೇ 1.65 ವೋಲ್ಟಿಗೂ ಕಟ್ಟಿ, ಡ್ಯಾಂಪಿಂಗ್ ರೆಸಿಸ್ಟರ್ ಎರಡರ ಮಧ್ಯೆ. ರೆಫರೆನ್ಸ್ ಪಿನ್ನೂ 1.65ಗೇ. ಔಟ್‌ಪುಟ್‌ನ 10 ಕೆ ರೆಸಿಸ್ಟರ್ ಮೂಲಕ ಎಡಿಎಸ್1115ದ ಮೊದಲನೇ ಇನ್‌ಪುಟ್‌ಗೆ ಕೊಡಿ, ಅಲ್ಲಿಂದ ಗ್ರೌಂಡ್‌ಗೆ 0.47 ಮೈಕ್ರೋಫ್ಯಾರಡ್ ಹಾಕಿ, ಇದು ಸುಮಾರು 34 ಹರ್ಟ್ಜ್ ಮೇಲಿಂದನ್ನ ತಗ್ಗಿಸತ್ತೆ. ಎರಡನೇ ಇನ್‌ಪುಟ್‌ಗೆ ಆ 1.65 ವೋಲ್ಟನ್ನೇ ಕೊಟ್ಟು ಎರಡರ ವ್ಯತ್ಯಾಸ ಓದೋಕೆ ಹೇಳಿ, ರೇಂಜ್ 2.048 ವೋಲ್ಟಿಗೆ ಇಡಿ.

ಹೀಗೆ ಮಾಡಿದ್ಮೇಲೆ ಎಡಿಸಿಯ ಒಂದು ಮೆಟ್ಟಿಲು 62.5 ಮೈಕ್ರೋವೋಲ್ಟ್, 101ರಿಂದ ಭಾಗಿಸಿದ್ರೆ ಜಿಯೋಫೋನ್ ತುದೀಲಿ 0.62 ಮೈಕ್ರೋವೋಲ್ಟ್, ನೆಲದ ವೇಗದಲ್ಲಿ ಹೇಳಿದ್ರೆ ಸೆಕೆಂಡಿಗೆ 0.03 ಮೈಕ್ರೋಮೀಟರ್. ಮೇಲಿನ ಮಿತಿ ಸೆಕೆಂಡಿಗೆ ಮುಕ್ಕಾಲು ಮಿಲಿಮೀಟರ್ ಹತ್ತಿರ, ಅದಕ್ಕಿಂತ ಜೋರಾದ್ರೆ ಗ್ರಾಫ್ ತಲೆ ಚಪ್ಪಟೆ ಆಗತ್ತೆ. ಊರೊಳಗೆ, ಬಸ್ ಓಡಾಡೋ ರಸ್ತೆ ಪಕ್ಕ ಮನೆ ಇದ್ರೆ ಗೇನ್ ಇಳಿಸಿ, ಆ ಜಾಗದಲ್ಲಿ 0.03 ಇಟ್ಕೊಂಡು ಏನೂ ಉಪಯೋಗ ಇಲ್ಲ.

ವೈರಿಂಗ್ ಮುಗಿದ್ಮೇಲೆ ಇಎಸ್‌ಪಿ32 ಕನೆಕ್ಟ್ ಮಾಡೋ ಮುಂಚೆ ಮಲ್ಟಿಮೀಟರ್ ಹಿಡಿದು ನೋಡಿ, ಬಫರ್ ಔಟ್‌ಪುಟ್ 1.65 ಹತ್ತಿರ, ಐಎನ್‌ಎ333 ಔಟ್‌ಪುಟ್ಟೂ ಜಿಯೋಫೋನ್ ಸುಮ್ನಿದ್ದಾಗ 1.65 ಹತ್ತಿರ ಇರ್ಬೇಕು. ಅದು 0ಗೋ 3.3ಗೋ ಅಂಟ್ಕೊಂಡಿದ್ರೆ ಎಲ್ಲೋ ಜಾಯಿಂಟ್ ಬಿಟ್ಟಿದೆ. ಬ್ರೆಡ್‌ಬೋರ್ಡ್ ಮೇಲೆ ಪರೀಕ್ಷೆ ಮಾಡಿ, ಆದ್ರೆ ಅದರಲ್ಲೇ ಬಿಡಬೇಡಿ, ನೆಲ ನಡುಗಿದಾಗ ಜಂಪರ್ ತಂತಿ ನಡುಗಿ ಬರೋ ಗಲಾಟೆಯೂ ಭೂಕಂಪದ ಹಾಗೇ ಕಾಣತ್ತೆ. ಜನರಲ್ ಪರ್ಪಸ್ ಪಿಸಿಬಿ ಮೇಲೆ ಸೋಲ್ಡರ್ ಮಾಡಿ.

ಈಗ ಇಎಸ್‌ಪಿ32

ಉನೊ ಬೇಡ ಅಂತ ಯಾಕೆ ಹೇಳ್ತೀನಿ ಅಂದ್ರೆ ಎರಡು ಕಾರಣ. ಅದರ ರ‍್ಯಾಮ್ 2 ಕಿಲೋಬೈಟ್, ಸೆಕೆಂಡಿಗೆ ನೂರು ಸ್ಯಾಂಪಲ್, ಒಂದೊಂದಕ್ಕೆ ಎರಡು ಬೈಟ್ ಅಂದ್ರೆ ಹತ್ತು ಸೆಕೆಂಡಿಗೆ ತುಂಬಿಹೋಗತ್ತೆ, ಅದರಲ್ಲೇ ಎಸ್‌ಡಿ ಕಾರ್ಡ್ ಲೈಬ್ರರಿಗೂ ಜಾಗ ಬೇಕು. ಎರಡನೇದು ಗಡಿಯಾರ, ಉನೊದಲ್ಲಿ ಮುಖ್ಯ ಚಿಪ್ಪಿಗಿರೋದು ಸಿರಾಮಿಕ್ ರೆಸೊನೇಟರ್, ಅದು ಶೇಕಡಾ ಅರ್ಧದಷ್ಟು ಆಚೀಚೆ ಹೋದ್ರೆ ದಿನಕ್ಕೆ ಏಳು ನಿಮಿಷ ತಪ್ಪತ್ತೆ. ಇಎಸ್‌ಪಿ32ರಲ್ಲಿ ಕ್ರಿಸ್ಟಲ್ ಇದೆ, ಮೆಮೊರಿ ಧಾರಾಳ, ಎರಡು ಕೋರ್, ಜೊತೆಗೆ ವೈಫೈ.

ಕನೆಕ್ಷನ್ ಬಹಳ ಇಲ್ಲ, ಎಡಿಎಸ್1115ದ ಡೇಟಾ 21ನೇ ಪಿನ್‌ಗೆ, ಕ್ಲಾಕ್ 22ನೇ ಪಿನ್‌ಗೆ, ಎಸ್‌ಡಿ ಕಾರ್ಡ್ ಬೋರ್ಡಿಗೆ ಎಸ್‌ಪಿಐ ನಾಲ್ಕು ತಂತಿ. ವೈಫೈ ಕಳಿಸೋವಾಗ ಇಎಸ್‌ಪಿ32 ಇದ್ದಕ್ಕಿದ್ದಂಗೆ ಕರೆಂಟ್ ಜಾಸ್ತಿ ಎಳೆಯತ್ತೆ, ಅದರ 3.3 ವೋಲ್ಟ್ ಲೈನ್ ಕುಲುಕತ್ತೆ, ಆ ಕುಲುಕಾಟ ಆಂಪ್ಲಿಫೈಯರಿಗೆ ಹೋದ್ರೆ ಗ್ರಾಫಲ್ಲಿ ಸರಿಯಾದ ಅಂತರಕ್ಕೆ ಮುಳ್ಳು ಮುಳ್ಳು ಬರತ್ತೆ. ಅದಕ್ಕೆ ಆಂಪ್ಲಿಫೈಯರ್ ಮತ್ತೆ ಎಡಿಸಿಗೆ ಬೇರೆ 3.3 ವೋಲ್ಟ್ ರೆಗ್ಯುಲೇಟರ್ ಹಾಕಿ, ಗ್ರೌಂಡ್ ಎರಡೂ ಒಂದೇ ಜಾಗದಲ್ಲಿ ಸೇರ್ಲಿ.

ಪ್ರೋಗ್ರಾಮ್ ವಿಷಯ. ಲೂಪ್ ಒಳಗೆ 10 ಮಿಲಿಸೆಕೆಂಡ್ ಡಿಲೇ ಅಂತ ಬರೀಬೇಡಿ, ಓದೋಕೆ ತಗೊಂಡ ಟೈಮೂ ಅದಕ್ಕೆ ಸೇರಿ ಸೆಕೆಂಡಿಗೆ ನೂರರ ಬದಲು ಐವತ್ತೋ ಅರವತ್ತೋ ಬರತ್ತೆ, ಅದೂ ಒಂದೊಂದು ಸಲ ಒಂದೊಂದು ತರ. ಎಡಿಎಸ್1115ನ ತನ್ನಷ್ಟಕ್ಕೆ ಓಡೋಕೆ ಬಿಟ್ರೂ ಆಗಲ್ಲ, ಅದರ ಒಳಗಿನ ಆಸಿಲೇಟರ್ ಶೇಕಡಾ ಹತ್ತರವರೆಗೂ ತಪ್ಪಬಹುದು ಅಂತ ಡೇಟಾಶೀಟೇ ಹೇಳತ್ತೆ. ಹಾಗಾಗಿ ಅದನ್ನ ಸಿಂಗಲ್ ಶಾಟ್ ಮೋಡಲ್ಲಿ (ಕೇಳಿದಾಗ ಒಂದೇ ಅಳತೆ) ಸೆಕೆಂಡಿಗೆ 128 ಸ್ಯಾಂಪಲ್‌ನ ಸ್ಪೀಡಿಗೆ ಇಟ್ಟು, ಇಎಸ್‌ಪಿ32ರ ಹಾರ್ಡ್‌ವೇರ್ ಟೈಮರ್ ಪ್ರತಿ 10 ಮಿಲಿಸೆಕೆಂಡಿಗೆ ಒಂದು ಟಾಸ್ಕನ್ನ ಎಬ್ಬಿಸೋ ಹಾಗೆ ಮಾಡಿ, ಆ ಟಾಸ್ಕ್ ಎದ್ದ ಕೂಡ್ಲೇ ಹಿಂದಿನ ಸಲ ಶುರು ಮಾಡಿದ್ದ ಅಳತೆ ಓದ್ಕೊಂಡು ಹೊಸದನ್ನ ಶುರು ಮಾಡಿ ಮತ್ತೆ ಮಲಗ್ಲಿ. ಒಂದು ಅಳತೆಗೆ ಹೆಚ್ಚೂ ಕಮ್ಮಿ 8 ಮಿಲಿಸೆಕೆಂಡ್, ಶೇಕಡಾ ಹತ್ತು ನಿಧಾನ ಆದ್ರೂ 10ರೊಳಗೆ ಮುಗಿಯತ್ತೆ. ಟೈಮರ್‌ನ ಇಂಟರಪ್ಟ್ ಒಳಗೇ ಐ2ಸಿ (ಎಡಿಎಸ್1115 ಮಾತಾಡೋ ಎರಡು ತಂತಿ) ಓದೋಕೆ ಹೋಗಬೇಡಿ, ಬೋರ್ಡ್ ಮಧ್ಯರಾತ್ರಿ ರೀಸ್ಟಾರ್ಟ್ ಆಗಿ ಕೂತಿರತ್ತೆ.

ಬಂದ ಸ್ಯಾಂಪಲ್‌ಗಳು ಒಂದು ರಿಂಗ್ ಬಫರ್‌ಗೆ, ಎರಡನೇ ಕೋರಲ್ಲಿ ಇನ್ನೊಂದು ಟಾಸ್ಕ್ ಆರಾಮಾಗಿ ಅದನ್ನ ಕಾರ್ಡಿಗೆ ಬರೀಲಿ. ಎಸ್‌ಡಿ ಕಾರ್ಡ್ ಒಮ್ಮೊಮ್ಮೆ ನೂರಿನ್ನೂರು ಮಿಲಿಸೆಕೆಂಡ್ ಮಂಕಾಗಿಬಿಡತ್ತೆ, ಬಫರ್ ಇದ್ರೆ ಒಂದು ಸ್ಯಾಂಪಲ್ಲೂ ತಪ್ಪಲ್ಲ. ಒಂದೊಂದು ಸೆಕೆಂಡಿಗೆ ಒಂದು ಬ್ಲಾಕ್, ಮುಂದೆ ಟೈಮು, ಹಿಂದೆ ನೂರು ಸ್ಯಾಂಪಲ್, ಗಂಟೆಗೊಂದು ಫೈಲ್. ದಿನಕ್ಕೆ 17 ಮೆಗಾಬೈಟ್ ಚಿಲ್ಲರೆ ಆಗತ್ತೆ, 16 ಜಿಬಿ ಕಾರ್ಡಲ್ಲಿ ಎರಡು ವರ್ಷ ಹಿಡಿಯತ್ತೆ. ಆಗಿದ್ದು ಆಗ್ಲಿ ಅಂತ ಎಲ್ಲಾ ಸ್ಯಾಂಪಲ್ ಇಟ್ಕೊಳ್ಳಿ, "ಟ್ರಿಗರ್ ಆದಾಗ (ಕಂಪನ ಬಂತು ಅಂತ ಪ್ರೋಗ್ರಾಮ್‌ಗೆ ಅನ್ನಿಸಿದಾಗ) ಮಾತ್ರ ಉಳಿಸ್ತೀನಿ" ಅನ್ನೋ ಉಳಿತಾಯ ಬೇಡ, ನಿಮ್ಮ ಟ್ರಿಗರ್ ತಪ್ಪಿಸಿದ್ದನ್ನ ಆಮೇಲೆ ಹುಡುಕೋಕೆ ಡೇಟಾನೇ ಇರಲ್ಲ.

ಟೈಮು ವೈಫೈಯಿಂದ ಎನ್‌ಟಿಪಿ (ಇಂಟರ್ನೆಟ್ಟಲ್ಲಿ ಸರಿಯಾದ ಟೈಮು ಕೊಡೋ ವ್ಯವಸ್ಥೆ) ಮೂಲಕ ತಗೊಳ್ಳಿ. ಕ್ರಿಸ್ಟಲ್ ಹತ್ತು ಲಕ್ಷಕ್ಕೆ ಹತ್ತು ಭಾಗ ತಪ್ಪತ್ತೆ ಅಂದ್ಕೊಂಡ್ರೆ ಗಂಟೆಗೆ 36 ಮಿಲಿಸೆಕೆಂಡ್, ಗಂಟೆಗೊಂದು ಸಲ ಸರಿ ಮಾಡ್ಕೊಂಡ್ರೆ ಸಾಕು. ತೋಟದ ಮನೆ, ನೆಟ್ ಇಲ್ಲ ಅಂದ್ರೆ ಜಿಪಿಎಸ್ ಬೋರ್ಡ್, ಸೆಕೆಂಡಿಗೊಂದು ಪಲ್ಸ್ ಕೊಡೋ ಪಿನ್ ಹೊರಗೆ ಬಂದಿರೋದನ್ನೇ ನೋಡಿ ತಗೊಳ್ಳಿ. ಡಿಎಸ್3231 ಆರ್‌ಟಿಸಿ (ಬ್ಯಾಟರಿ ಮೇಲೆ ಓಡೋ ಗಡಿಯಾರದ ಚಿಪ್) ಆಪತ್ಕಾಲಕ್ಕೆ ಇರ್ಲಿ, ಕರೆಂಟ್ ಹೋಗಿ ಬಂದಾಗ ನೆಟ್ ಬರೋವರೆಗೂ ಅದು ಕೈ ಹಿಡಿಯತ್ತೆ, ದಿನಕ್ಕೆ 0.2 ಸೆಕೆಂಡ್ ಒಳಗೇ ಇರತ್ತೆ. ಫೈಲಲ್ಲೆಲ್ಲ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಟೈಮು) ಹಾಕಿ, ನಮ್ಮ ಟೈಮು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಹಾಕೋ ಭೂಕಂಪಗಳ ಪಟ್ಟಿ ಯುಟಿಸಿಲಿರತ್ತೆ, ದೆಹಲಿಯ ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ ಪಟ್ಟಿ ನಮ್ಮ ಟೈಮಲ್ಲಿ, ಹೋಲಿಸುವಾಗ ಇದೊಂದು ನೆನಪಿಟ್ಕೊಳ್ಳಿ.

ಎಲ್ಲಿ ಕೂರಿಸೋದು

ಟೆರೇಸ್ ಮೇಲೆ ಬೇಡ, ಮಹಡಿ ಮನೇಲೂ ಬೇಡ, ಕಟ್ಟಡ ತನ್ನದೇ ತಾಳಕ್ಕೆ ತೂಗತ್ತೆ, ನಿಮಗೆ ಕಟ್ಟಡದ ಗ್ರಾಫ್ ಸಿಗತ್ತೆ. ನೆಲಮಹಡೀಲಿ, ಮಣ್ಣಿಗೆ ನೇರ ಅಂಟಿರೋ ಕಾಂಕ್ರೀಟ್ ಮೇಲೆ, ಸಂಪ್ ಮೋಟರ್, ವಾಷಿಂಗ್ ಮೆಷಿನ್, ಫ್ರಿಜ್ಜಿಂದ ದೂರ. ಬಂಡೆ ಸಿಕ್ರೆ ಅದಕ್ಕಿಂತ ಒಳ್ಳೇದಿಲ್ಲ. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು 1960ರ ದಶಕದಲ್ಲಿ ಬ್ರಿಟಿಷರ ಜೊತೆ ಸೇರಿ ಭೂಕಂಪಮಾಪಕಗಳ ದೊಡ್ಡ ಸಾಲನ್ನ ಗೌರಿಬಿದನೂರಲ್ಲಿ ಹಾಕಿದ್ರು, ದೂರದ ದೇಶಗಳ ಅಣು ಪರೀಕ್ಷೆ ಕೇಳಿಸ್ಕೊಳ್ಳೋಕೆ, ಅಲ್ಲಿ ಕೆಳಗಿರೋದು ಹಳೇ ಗಟ್ಟಿ ಶಿಲೆ. ಹಳೇ ಮೈಸೂರು ಕಡೆಯ ಎಷ್ಟೋ ಹಿತ್ತಲಲ್ಲಿ ಅಂಥದ್ದೇ ಕಲ್ಲು ಮೇಲಕ್ಕೆ ಎದ್ದು ಕೂತಿರತ್ತೆ, ಅದೃಷ್ಟ ಅನ್ಕೊಳ್ಳಿ. ಉತ್ತರ ಕರ್ನಾಟಕದ ಎರೆಮಣ್ಣು ಕಷ್ಟ, ಮಳೇಲಿ ಉಬ್ಬತ್ತೆ, ಬೇಸಿಗೇಲಿ ಬಿರಿಯತ್ತೆ, ಸೆನ್ಸರ್ ಓರೆಯಾಗ್ತಾ ಹೋಗತ್ತೆ. ಅಲ್ಲಿ ಎರೆ ದಾಟಿ ಗಟ್ಟಿ ಪದರ ಸಿಗೋವರೆಗೂ ಅಗೆದು ಸಣ್ಣ ಕಾಂಕ್ರೀಟ್ ಕಟ್ಟೆ ಹಾಕಿ ಅದರ ಮೇಲೆ ಇಡಬೇಕು. ತೆಂಗಿನಮರದ ಬುಡದಲ್ಲಿ ಇಡಬೇಡಿ, ಗಾಳಿ ಬಂದಾಗ ಬೇರು ನೆಲವನ್ನೇ ಅಲ್ಲಾಡಿಸತ್ತೆ.

ಜಿಯೋಫೋನನ್ನ ಕಾಂಕ್ರೀಟ್‌ಗೆ ಎಂ-ಸೀಲ್ ಅಥವಾ ಪ್ಲಾಸ್ಟರ್ ಹಾಕಿ ಅಂಟಿಸಿ, ರಸಮಟ್ಟ ಇಟ್ಟು ನೆಟ್ಟಗೆ ಮಾಡಿ. ಮೇಲೆ ಒಂದು ಥರ್ಮಾಕೋಲ್ ಡಬ್ಬ ಮುಚ್ಚಿ, ಫ್ಯಾನ್ ಗಾಳಿ ಸಹ ಅದಕ್ಕೆ ತಾಗಬಾರದು. ಸೆನ್ಸರಿಂದ ಬೋರ್ಡಿಗೆ ಶೀಲ್ಡ್ ಇರೋ ಹೆಣೆದ ಜೋಡಿ ತಂತಿ, ಆದಷ್ಟು ಗಿಡ್ಡ, ಶೀಲ್ಡನ್ನ ಒಂದೇ ತುದೀಲಿ ಗ್ರೌಂಡ್‌ಗೆ ಕಟ್ಟಿ. ಉದ್ದ ತಂತಿ ಅಂದ್ರೆ ಮುಂಗಾರು ಶುರುವಿನ ಗುಡುಗು ಮಿಂಚಿಗೆ ಆಹ್ವಾನ. ಹೊರಗಡೆ ಡಬ್ಬ ಆದ್ರೆ ಸಿಲಿಕಾ ಜೆಲ್ ಹಾಕಿ, ತಂತಿ ಹೋಗೋ ತೂತು ಮುಚ್ಚಿ, ಇಲ್ಲಾಂದ್ರೆ ಇರುವೆ ಗೂಡು ಕಟ್ಟೋದು ಗ್ಯಾರಂಟಿ. ಕರೆಂಟಿಗೆ ರೂಟರ್‌ಗೆ ಹಾಕೋ ಸಣ್ಣ ಯುಪಿಎಸ್ ಸಾಕು.

ಪರೀಕ್ಷೆ, ಟ್ರಿಗರ್

ಮೊದಲು ಡ್ಯಾಂಪಿಂಗ್ ನೋಡಿ. ಒಂದು ಪೆನ್‌ಟಾರ್ಚ್ ಸೆಲ್ಲನ್ನ 100 ಕೆ ರೆಸಿಸ್ಟರ್ ಮೂಲಕ ಒಂದು ಕ್ಷಣ ಜಿಯೋಫೋನಿಗೆ ತಾಗಿಸಿ ಬಿಡಿ, ಕಾಯಿಲ್ ಸ್ವಲ್ಪ ಸರಿದು ವಾಪಸ್ ಬರತ್ತೆ. 1 ಕೆ ಡ್ಯಾಂಪಿಂಗ್ ರೆಸಿಸ್ಟರ್ ಇಲ್ಲದಿದ್ರೆ ಗ್ರಾಫ್ ಹಲವು ಸಲ ಮೇಲೆ ಕೆಳಗೆ ಕುಣಿದು ನಿಲ್ಲತ್ತೆ, ಇದ್ರೆ ಒಂದು ಸಲ ಆಚೆ ದಾಟಿ ಸುಮ್ಮನಾಗತ್ತೆ. ಆಮೇಲೆ ಸ್ವಲ್ಪ ದೂರದಲ್ಲಿ ಅಕ್ಕಿ ಮೂಟೆ ಎತ್ತಿ ಬಿಡಿ, ಪ್ರತಿ ಸಲ ಹೆಚ್ಚುಕಮ್ಮಿ ಒಂದೇ ಆಕಾರ ಬರಬೇಕು. ಬರದಿದ್ರೆ ಜಿಯೋಫೋನ್ ನೆಲಕ್ಕೆ ಸರಿಯಾಗಿ ಅಂಟಿಲ್ಲ.

ಟ್ರಿಗರ್‌ಗೆ ಇಷ್ಟಕ್ಕಿಂತ ಜಾಸ್ತಿ ಆದ್ರೆ ಅಲಾರ್ಮ್ ಅಂತ ಒಂದು ನಂಬರ್ ಇಟ್ರೆ ಹಗಲೆಲ್ಲ ಕಿರುಚತ್ತೆ, ರಾತ್ರಿ ಸಣ್ಣದ್ದು ತಪ್ಪಿಹೋಗತ್ತೆ. ಭೂಕಂಪ ಕೇಂದ್ರಗಳು ಎಷ್ಟೋ ವರ್ಷದಿಂದ ಬಳಸೋ ಉಪಾಯ ಏನಂದ್ರೆ ಎರಡು ಸರಾಸರಿ ಇಟ್ಕೊಳ್ಳೋದು, ಕಳೆದ ಒಂದು ಸೆಕೆಂಡಿಂದು ಒಂದು, ಕಳೆದ ಮೂವತ್ತು ಸೆಕೆಂಡಿಂದು ಇನ್ನೊಂದು, ಮೊದಲನೇದನ್ನ ಎರಡನೇದರಿಂದ ಭಾಗಿಸಿ 4 ದಾಟಿದ್ರೆ ಏನೋ ಬಂತು ಅಂತ ಲೆಕ್ಕ. ಹಗಲು ಗಲಾಟೆ ಇದ್ರೆ ಎರಡನೇದು ತಾನಾಗೇ ಏರಿರತ್ತೆ, ರಾತ್ರಿ ತಾನಾಗೇ ಇಳಿದಿರತ್ತೆ. ಭಾಗಿಸೋ ಮುಂಚೆ ಸ್ಯಾಂಪಲ್‌ಗಳಿಂದ ನಿಧಾನದ ತೇಲಾಟ ಕಳೆದು, ಗುರುತು ತೆಗೆದು ಬರೀ ಗಾತ್ರ ತಗೋಬೇಕು. ಟ್ರಿಗರ್ ಆದ್ಮೇಲೆ ಉದ್ದ ಸರಾಸರಿಯನ್ನ ಅಲ್ಲೇ ನಿಲ್ಲಿಸಿ, ಇಲ್ಲಾಂದ್ರೆ ಭೂಕಂಪವೇ ಅದರೊಳಗೆ ಸೇರ್ಕೊಂಡು ಟ್ರಿಗರ್ ಅರ್ಧಕ್ಕೇ ಆರಿಹೋಗತ್ತೆ. 4 ಅನ್ನೋದು ಶುರುಗೆ, ನಿಮ್ಮ ಜಾಗಕ್ಕೆ ಮೂರೂವರೆಯೋ ಆರೋ ಬೇಕಾಗಬಹುದು.

ಗ್ರಾಫ್ ಓದೋದು

ಬಸ್ಸು, ಲಾರಿ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯತ್ತೆ, ಉದ್ದದ ಹಲಸಿನಕಾಯಿ ಆಕಾರ. ಬಾಗಿಲು ಬಡಿದಿದ್ದು ಒಂದೇ ಮುಳ್ಳು. ಭೂಕಂಪ ಹಾಗಲ್ಲ, ಮೊದಲು ಪಿ ಅಲೆ ಥಟ್ಟಂತ ಶುರುವಾಗತ್ತೆ, ಸ್ವಲ್ಪ ಹೊತ್ತು ಬಿಟ್ಟು ಅದಕ್ಕಿಂತ ದೊಡ್ಡದಾಗಿ ಎಸ್ ಅಲೆ, ಆಮೇಲೆ ಉದ್ದದ ಬಾಲ. ಕ್ವಾರಿ ಬ್ಲಾಸ್ಟ್ ನೋಡೋಕೆ ಬಹಳ ಹತ್ತಿರ ಇರತ್ತೆ, ಆದ್ರೆ ಅದು ಹಗಲೇ ಬರೋದು, ಹೆಚ್ಚಾಗಿ ದಿನಾ ಒಂದೇ ಹೊತ್ತಿಗೆ, ಎಸ್ ಅಲೆ ಸೊರಗಿರತ್ತೆ, ಹತ್ತಿರದ್ದಾದ್ರೆ ಗಾಳೀಲಿ ಬರೋ ಸದ್ದು ಸೆಕೆಂಡಿಗೆ 340 ಮೀಟರಿನಂತೆ ತಡವಾಗಿ ಬಂದು ಡಬ್ಬ ಬಡಿಯತ್ತೆ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದೋರಿಗೆ ಮೊದಲು ಸಿಗೋದೆಲ್ಲ ಇದೇ, ಬೇಜಾರು ಮಾಡ್ಕೋಬೇಡಿ, ಸಿಸ್ಟಂ ಕೆಲಸ ಮಾಡ್ತಿದೆ ಅಂತ ಗೊತ್ತಾಯ್ತಲ್ಲ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿಗೆಲ್ಲ ಕೇಳಿಸಿದ ಆ ದೊಡ್ಡ ಸದ್ದು ನೆನಪಿರಬಹುದು, ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ತಮ್ಮ ಭೂಕಂಪಮಾಪಕ ನೋಡಿಯೇ ಇದು ಭೂಕಂಪ ಅಲ್ಲ ಅಂದಿದ್ದು, ಆಮೇಲೆ ಅದು ವಾಯುಪಡೆ ವಿಮಾನದ ಸೋನಿಕ್ ಬೂಮ್ ಅಂತ ರಕ್ಷಣಾ ಇಲಾಖೆ ಹೇಳ್ತು.

ದೂರದ ಲೆಕ್ಕ ಮಜವಾಗಿದೆ. ಪಿ ಅಲೆ ಭೂಮಿಯ ಮೇಲ್ಪದರದಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡತ್ತೆ, ಎಸ್ ಅಲೆ ಸುಮಾರು ಮೂರೂವರೆ. ಎರಡರ ಮಧ್ಯೆ ಎಷ್ಟು ಸೆಕೆಂಡ್ ಅಂತರವೋ ಅದನ್ನ 8ರಿಂದ ಗುಣಿಸಿ, ಕಿಲೋಮೀಟರ್ ಬಂತು. 10 ಸೆಕೆಂಡ್ ಅಂತರ ಅಂದ್ರೆ 80 ಕಿಲೋಮೀಟರ್. ನಾನೂರೈನೂರು ಕಿಲೋಮೀಟರ್ ಮೇಲೆ ಹೋದ್ರೆ ಅಲೆ ಆಳದ ಗಟ್ಟಿ ಪದರ ಹಿಡಿದು ಬೇಗ ಬರತ್ತೆ, ಆಗ 8ರ ಬದಲು 10ಕ್ಕೆ ಹತ್ತಿರ ಇಟ್ಕೊಳ್ಳಿ. ಮಹಾರಾಷ್ಟ್ರದ ಕೊಯ್ನಾ ಬೆಂಗಳೂರಿಂದ ನೇರ ಗೆರೇಲಿ 640 ಕಿಲೋಮೀಟರ್ ಆಸುಪಾಸು, 1967ರ ಡಿಸೆಂಬರ್‌ನ ದೊಡ್ಡ ಭೂಕಂಪ ಆದಾಗಿನಿಂದ ಅಲ್ಲಿ ಸಣ್ಣಪುಟ್ಟವು ನಿಂತೇ ಇಲ್ಲ, ಬೆಳಗಾವಿ, ವಿಜಯಪುರ ಕಡೆಯೋರಿಗೆ ಅದೇ ಒಳ್ಳೆ ಪರೀಕ್ಷೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಹತ್ತಿರತ್ತಿರ ಹತ್ತು ಸಾವಿರ ಜನರನ್ನ ಬಲಿ ತಗೊಂಡ ಭೂಕಂಪ ಆದ ಕಿಲ್ಲಾರಿ, ಬೀದರ್-ಕಲಬುರಗಿ ಕಡೆಯ ಗಡಿಯಾಚೆಗೆ ಮಹಾರಾಷ್ಟ್ರದಲ್ಲೇ ಇದೆ. ಆದ್ರೂ ನಮ್ಮ ಕಡೆ ತಿಂಗಳುಗಟ್ಟಲೆ ಏನೂ ಬರದೇ ಇರಬಹುದು, ಅದು ಯಂತ್ರದ ತಪ್ಪಲ್ಲ.

ಈ ದೂರದ ಲೆಕ್ಕಕ್ಕೆ ಗಡಿಯಾರ ಎರಡು ನಿಮಿಷ ತಪ್ಪಿದ್ರೂ ಪರವಾಗಿಲ್ಲ, ಎರಡೂ ಅಲೆ ಅದೇ ಗಡಿಯಾರದಲ್ಲಿ ಬರೆದಿದ್ದು ತಾನೇ. ಟೈಮು ಮುಖ್ಯ ಆಗೋದು ಪಟ್ಟಿ ಜೊತೆ ಹೋಲಿಸುವಾಗ, ಮತ್ತೆ ಬೇರೆ ಊರಿನ ಗೆಳೆಯರ ಯಂತ್ರದ ಜೊತೆ ಸೇರಿಸುವಾಗ. ಒಂದು ಯಂತ್ರದಿಂದ ದೂರ ಮಾತ್ರ ಗೊತ್ತಾಗತ್ತೆ, ದಿಕ್ಕಲ್ಲ. ಹುಬ್ಬಳ್ಳಿ, ಮಂಗಳೂರು, ತುಮಕೂರಲ್ಲಿ ಒಂದೊಂದಿದ್ರೆ ಮ್ಯಾಪ್ ಮೇಲೆ ಮೂರು ವೃತ್ತ ಎಳೆದು ಅವು ಸೇರೋ ಜಾಗ ನೋಡಬಹುದು, ಮೂರೂ ಕಡೆ ಪಿ ಅಲೆ ಬಂದ ಟೈಮನ್ನ ಹೋಲಿಸಿ ಜಾಗ ಹುಡುಕೋಕೆ ಹೋದ್ರೆ ಆಗ ಗಡಿಯಾರ ಒಂದು ಸೆಕೆಂಡ್ ತಪ್ಪಿದ್ರೆ 6 ಕಿಲೋಮೀಟರ್ ತಪ್ಪಿದ ಹಾಗೆ. ತೀವ್ರತೆಯ ಸಂಖ್ಯೆ ಮಾತ್ರ ನೀವೇ ಲೆಕ್ಕ ಹಾಕಿ ವಾಟ್ಸಾಪಲ್ಲಿ ಹಂಚಬೇಡಿ, ಕೇಂದ್ರದವರು ಹಾಕಿದ ಮೇಲೆ ನಿಮ್ಮದನ್ನ ಪಕ್ಕದಲ್ಲಿಟ್ಟು ನೋಡ್ಕೊಳ್ಳಿ.

ಫೈಲ್ ನೋಡೋಕೆ ಪೈಥಾನ್ ಬರೋರು ಆಬ್ಸ್‌ಪೈ ಲೈಬ್ರರಿ ಹಾಕ್ಕೊಂಡು ಮಿನಿಸೀಡ್ ಅನ್ನೋ ಭೂಕಂಪ ಡೇಟಾ ಫಾರ್ಮ್ಯಾಟ್‌ಗೆ ಬದಲಾಯಿಸಿ, ಆಮೇಲೆ ಯಾವ ಸೀಸ್ಮಾಲಜಿ ಸಾಫ್ಟ್‌ವೇರಲ್ಲಾದ್ರೂ ತೆಗೀಬಹುದು. ಒಂದರಿಂದ ಹತ್ತು ಹರ್ಟ್ಜ್ ಫಿಲ್ಟರ್ ಹಾಕಿ ನೋಡಿ, 50 ಹರ್ಟ್ಜ್ ಕರೆಂಟ್ ಗುಂಯ್‌ಗಾಟ ನಮ್ಮ ಸ್ಯಾಂಪಲ್ ದರದ ಸರಿಯಾಗಿ ಅರ್ಧಕ್ಕೆ ಬರೋದ್ರಿಂದ ಫಿಲ್ಟರ್ ಇಲ್ಲದೆ ಗ್ರಾಫ್ ಒಮ್ಮೆ ದಪ್ಪ ಒಮ್ಮೆ ತೆಳ್ಳಗೆ ಕಾಣತ್ತೆ. ಅಡ್ಡ ದಿಕ್ಕಿನ ಜಿಯೋಫೋನ್ ಸೇರಿಸಬೇಕು ಅಂದ್ರೆ ಎಡಿಎಸ್1115ದಲ್ಲಿ ಇನ್ನೊಂದು ಜೋಡಿ ಇನ್‌ಪುಟ್ ಖಾಲಿ ಇದೆ, ಆದ್ರೆ ಚಾನಲ್ ಬದಲಾಯಿಸ್ತಾ ಓದ್ಬೇಕಾಗತ್ತೆ, ಒಂದೊಂದಕ್ಕೆ ಸಿಗೋ ಟೈಮು ಅರ್ಧ, ಸ್ಪೀಡನ್ನ 250ಕ್ಕೆ ಏರಿಸಿ. ಮೂರನೇದಕ್ಕೆ ಎರಡನೇ ಬೋರ್ಡ್ ತಂದು ಅದರ ಅಡ್ರೆಸ್ ಪಿನ್ನನ್ನ ಗ್ರೌಂಡ್ ಬಿಟ್ಟು 3.3 ವೋಲ್ಟಿಗೆ ಕಟ್ಟಿದ್ರೆ ಅದೇ ಎರಡು ತಂತಿ ಮೇಲೆ ಎರಡೂ ಓಡತ್ತೆ.